ತಿರುವೋ ಕೈ

ಹಳೆಯ ಬೆಲ್ಟು ಕಳಚಿ ಕೈಗೆ ಬಂದಾಗ ಬೆಳಗಿನ ಹತ್ತೂವರೆ. ನಬಿಸಾಬ ಅದನ್ನು ಬಿಸಿಲಿಗೆ ಹಿಡಿದು, ಒಳಮೈ ಹೊರಗಾಗುವಂತೆ ಮಡಿಸಿ, ಹಲ್ಲುಗಳ ಬುಡದಲ್ಲಿ ಹೆಬ್ಬೆರಳನ್ನು ಎಳೆದ. ರಬ್ಬರು ಸಾಲುಸಾಲಾಗಿ ಸೀಳಿತ್ತು.

"ಮುಟ್ಟಿ ನೋಡು," ಎಂದ ಮಗಳಿಗೆ. "ಇನ್ನೊಂದು ವಾರ ಓಡಿಸಿದ್ದಿ ಅಂದ್ರ ಕಮಲಾಪುರದ ಹಾದ್ಯಾಗ ಹರೀತಿತ್ತು."

"ಹರದ್ರ ಏನಾಗ್ತದರಿ ಅಬ್ಬಾ? ಗಾಡಿ ನಿಂದರ್ತದ, ಅಷ್ಟೇ ಅಲ್ಲೇನು?"

"ಗಾಡಿ ಅಲ್ಲ, ಎಂಜಿನ್ನೇ ಹೋಗ್ತದ. ಮ್ಯಾಲ ವಾಲ್ವು, ಕೆಳಗ ಪಿಸ್ಟನ್ನು. ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು ಓಡಾಡ್ತಾವ. ದಾರಿ ಬಿಡಿಸೋದು ಈ ಪಟ್ಟಾ. ಇದು ಹರದ್ರೂ ಅಷ್ಟೇ, ಹೊಸಾದು ಕೂಡಿಸುವಾಗ ಎರಡು ಹಲ್ಲು ಆಚೀಚಿ ಆದ್ರೂ ಅಷ್ಟೇ. ಎರಡೂ ಮಾರಿಗೆ ಮಾರಿ ಬಡಕೋತಾವ."

ಮದಿಹಾ ಬೆಲ್ಟನ್ನು ಮುಟ್ಟಿ, ಆಮೇಲೆ ತೆರೆದ ಬಾನೆಟ್ಟಿನೊಳಗೆ ಬಗ್ಗಿ ನೋಡಿದಳು. ಬೆಲ್ಟಿಲ್ಲದ ಮೂರು ಹಲ್ಲುಗಾಲಿಗಳು ಒಂದಕ್ಕೊಂದು ಸಂಬಂಧವೇ ಇಲ್ಲದವುಗಳಂತೆ ನಿಂತಿದ್ದವು: ಕೆಳಗೆ ಪಿಸ್ಟನ್ನುಗಳನ್ನು ಆಡಿಸುವುದು, ಮೇಲೆ ವಾಲ್ವುಗಳನ್ನು ಆಡಿಸುವುದು, ಪಕ್ಕದಲ್ಲಿ ಡೀಸೆಲ್ ಪಂಪಿನದು.

ಆ ಮನೆಯ ಮಾತು ದಖನಿ ಉರ್ದು. ಆದರೆ ಪಾನಾ, ಅಂದರೆ ಸ್ಪ್ಯಾನರು, ಕೈಗೆ ಬಂದೊಡನೆ ನಬಿಸಾಬನ ನಾಲಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಮೂವತ್ತನಾಲ್ಕು ವರ್ಷ ಬಸ್ ಡಿಪೊದಲ್ಲಿ ಅವನು ಕೆಲಸ ಕಲಿತದ್ದು, ಕಲಿಸಿದ್ದು, ಬೈದದ್ದು, ಬೈಸಿಕೊಂಡದ್ದು ಎಲ್ಲವೂ ಕನ್ನಡದಲ್ಲಿ. ಮಗಳೂ ಹೆಂಡತಿಯೂ ಅಂಗಳಕ್ಕೆ ಬಂದರೆ ಆ ಭಾಷೆಗೇ ಬರುತ್ತಿದ್ದರು.

ಏಳು ತಿಂಗಳ ಹಿಂದೆ ಮದಿಹಾ ಕಮಲಾಪುರದಲ್ಲಿ ರಕ್ತ ಪರೀಕ್ಷೆಯ ಒಂದು ಸಣ್ಣ ಲ್ಯಾಬು ತೆರೆದಿದ್ದಳು. ಬೆಳಕು ಹರಿಯುವ ಮುನ್ನವೇ ಗಾಜಿಪುರದ ಮನೆ ಬಿಟ್ಟು, ಸುತ್ತಲಿನ ಹಳ್ಳಿಗಳಲ್ಲಿ ನಡೆಯಲಾಗದ ಮುದುಕರ, ತುಂಬಿದ ಬಸುರಿಯರ ಮನೆಮನೆಗೆ ಹೋಗಿ, ಮಂಜುಗಡ್ಡೆಯ ಡಬ್ಬಿಯಲ್ಲಿ ರಕ್ತ ತುಂಬಿಕೊಂಡು ಬಿಸಿಲೇರುವ ಮೊದಲು ಲ್ಯಾಬು ಮುಟ್ಟುವುದು ಅವಳ ದಿನಚರಿ. ಬಸ್ಸು ಹಾಯದ ದಾರಿಗಳು ಅವು. ಇಬ್ಬರ ಕೈ ದಾಟಿ ಅವಳಲ್ಲಿಗೆ ಬಂದ ಈ ಹಳೆಯ ಡೀಸೆಲ್ ಕಾರು ನಿಂತರೆ ಲ್ಯಾಬಿನ ಬಾಗಿಲೂ ಮುಚ್ಚಿದ ಹಾಗೆಯೇ. ಈ ಎಂಜಿನ್ ಕೆಟ್ಟರೆ ಇಂಥದ್ದೊಂದನ್ನು ಹುಡುಕಿ ತರುವ ತ್ರಾಣ ಆ ಮನೆಗೆ ಇರಲಿಲ್ಲ.

ಕಪನೂರಿನ ತನ್ವೀರನ ಗ್ಯಾರೇಜಿಗೆ ಬಿಡಬಹುದಿತ್ತು. ಆದರೆ ತನ್ವೀರ ಗುರುವಾರ ಬನ್ನಿ ಎಂದ. ಅದರ ಜೊತೆಗೆ, "ಕಾಕಾ, ಇವು ನಿಮ್ಮ ಬಸ್ಸಿನ ಎಂಜಿನ್ನಿನಂಗ ಅಲ್ಲರಿ, ನೀವು ಕೈ ಹಚ್ಚಬ್ಯಾಡ್ರಿ," ಎಂದೂ ಸೇರಿಸಿದ. ಆ ರಾತ್ರಿ ಊಟಕ್ಕೆ ಕುಳಿತಾಗ ನಬಿಸಾಬ ರೊಟ್ಟಿ ಮುರಿಯುತ್ತ, ಐತವಾರ ತಾನೇ ಬದಲಿಸುವೆನೆಂದು ಹೇಳಿಬಿಟ್ಟಿದ್ದ.

ಅವನು ಹೇಳದೆ ಉಳಿಸಿದ್ದು ಒಂದಿತ್ತು. ಎಡಗಣ್ಣು ಮೊದಲಿನಿಂದಲೂ ಮಂದ. ಬಲಗಣ್ಣಿಗೆ ಒಂದು ವರ್ಷದಿಂದ ಪೊರೆ ಇಳಿದಿತ್ತು. ಅದು ಕತ್ತಲು ತರಲಿಲ್ಲ, ಒಂದನ್ನು ಎರಡು ಮಾಡಿತು. ದೀಪದ ಪಕ್ಕಕ್ಕೊಂದು ದೀಪ, ಸೂಜಿಯ ಪಕ್ಕಕ್ಕೊಂದು ಸೂಜಿ. ಹೋದ ರಮಜಾನಿನ ಕೊನೆಯ ಸಂಜೆ ಮಾಳಿಗೆಯ ಮೇಲೆ ಎಲ್ಲರೂ ಒಂದು ಎಳೆಚಂದ್ರನನ್ನು ಕಂಡು ಕೈಯೆತ್ತಿದಾಗ ಅವನಿಗೆ ಎರಡು ಕಂಡಿದ್ದವು. ಅವನೂ ಸುಮ್ಮನೆ ಕೈಯೆತ್ತಿದ್ದ.

ಆದ್ದರಿಂದಲೇ ಬೆಲ್ಟು ಬಿಚ್ಚುವ ಮೊದಲು ಡಿಪೊದ ಹಳೆಯ ಉಪಾಯ ಮಾಡಿದ್ದ. ಎಲೆ-ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ಉಗುರಿನ ತುದಿಯಿಂದ ಪ್ರತಿ ಗಾಲಿಯ ಮೇಲೂ, ಅದರ ಎದುರಿನ ಎಂಜಿನ್ನಿನ ಮೈಮೇಲೂ ಬೆರಳಗಲದ ಬಿಳಿ ಗೆರೆ ಎಳೆದಿದ್ದ. ಗೆರೆಗೆ ಗೆರೆ ಕೂಡಿದ್ದರೆ ಸಾಕು. ಅಷ್ಟು ದಪ್ಪದ ಗೆರೆಗಳನ್ನು ಕಣ್ಣಿಗಿಂತ ಬೆರಳೇ ಓದಬಲ್ಲದು. ಒಣಗಿದ ಸುಣ್ಣ ಬೆರಳಿಗೆ ಹರಳಿನಂತೆ ಸಿಗುತ್ತದೆ.

ಹೆಂಡತಿ ಜೈನಾಬಿ ಚಹಾ ತಂದಿಟ್ಟು, ಅಂಗಳಕ್ಕೆ ಹಾಸಿದ ಫರಸಿಕಲ್ಲಿನ ಮೇಲೆ ಹರವಿದ ನಟ್ಟು-ಬೋಲ್ಟುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ, "ಎಲ್ಲಾ ಹೊರಗ ತಗದೀರಿ. ಒಳಗ ಹಾಕೂದು ನೆನಪದನೋ ಇಲ್ಲೋ?" ಎಂದಳು.

"ನಿನ್ನ ಮಿಕ್ಸರ್ ರಿಪೇರಿ ಮಾಡಿದ್ದು ಯಾರು?"

"ಅದರಾಗ ಒಂದು ಸ್ಕ್ರೂ ಉಳೀತಲ್ಲಾ, ಅದನ್ನೇ ಕೇಳಾಕತ್ತೀನಿ."

ನಬಿಸಾಬ ನಕ್ಕ. ಬೆಲ್ಟನ್ನು ಬಿಗಿ ಹಿಡಿಯುವ ಗಾಲಿ ಸವೆದಿತ್ತು. ಅದನ್ನು ಬದಲಿಸುವಷ್ಟರಲ್ಲಿ ಮಧ್ಯಾಹ್ನದ ಅಜಾನ್ ಕೇಳಿಸಿತು. ಕೈ ತಿಕ್ಕಿ ತೊಳೆದು ಮಸೀದಿಗೆ ನಡೆದ.

*

ಮರಳಿ ಬಂದಾಗ ಮದಿಹಾ ಕಾರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸೀಮೆಎಣ್ಣೆಯ ಬಟ್ಟೆ ಹಿಂಡುತ್ತಿದ್ದಳು. ಮುಖದಲ್ಲಿ ಕೆಲಸ ಮುಗಿಸಿದವರ ತೃಪ್ತಿಯಿತ್ತು.

"ಎಷ್ಟು ಹೊಲಸಿತ್ತು ನೋಡ್ರಿ ಅಬ್ಬಾ. ಎಣ್ಣಿ, ಧೂಳ, ಮ್ಯಾಲ ನಿಮ್ಮ ಸುಣ್ಣ ಬ್ಯಾರೆ. ಎಲ್ಲಾ ತೊಳದು ಒರಸಿ ಇಟ್ಟೀನಿ. ಈಗ ಆರಾಮಾಗಿ ಕೂಡಿಸ್ರಿ."

ನಬಿಸಾಬ ಬಾನೆಟ್ಟಿನೊಳಗೆ ನೋಡಿದ. ಮೂರು ಗಾಲಿಗಳೂ ಹೊಸದಾಗಿ ಹೊಳೆಯುತ್ತಿದ್ದವು. ಬಿಳಿ ಎಂಬುದು ಎಲ್ಲಿಯೂ ಇರಲಿಲ್ಲ.

ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲೆ ಒಂದು ಕಲೆ ಉಳಿದರೂ ಆರೋಗ್ಯವಂತನಿಗೆ ರೋಗ ಬಂದಂತೆ ಕಾಣುವುದೆಂದು ಕಲಿತ ಹುಡುಗಿ ಅವಳು. ಅವಳಿಗೆ ಕಲೆಯೆಲ್ಲವೂ ಕೊಳೆ. ಡಿಪೊದಲ್ಲಿ ಸುಣ್ಣವೇ ಅಕ್ಷರವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಗಾಲಿ ಸರಿದಿಲ್ಲಲ್ಲ?" ಅವನ ಧ್ವನಿ ಅವನಿಗೇ ದೂರದಿಂದ ಕೇಳಿಸಿತು.

"ಮ್ಯಾಲಿಂದು ಒರಸುವಾಗ ಟಕ್ ಅಂತ ಒಂಚೂರು ಹಾರಿತು. ನಾ ಮತ್ತ ಹಿಂದ ತಂದು ಹಂಗೇ ಇಟ್ಟೀನಿ." ಅವಳು ತಲೆಯೆತ್ತಿದಳು. "ಯಾಕ್ರಿ, ತಪ್ಪಾತೇನು?"

ಆಗಲೇ ಹೇಳಬಹುದಿತ್ತು. ಸುಣ್ಣ ಹೋಯಿತು ಎಂದರೆ, ಕಂಪನಿಯವರು ಹಾಕಿದ ಚುಕ್ಕೆ ಇದೆಯಲ್ಲ ಎನ್ನುತ್ತಾಳೆ. ಚುಕ್ಕೆ ಕಾಣುವುದಿಲ್ಲ ಎಂದರೆ, ಯಾಕೆ ಕಾಣುವುದಿಲ್ಲ ಎನ್ನುತ್ತಾಳೆ. ಆ ಪ್ರಶ್ನೆಗೆ ಅವನ ಬಳಿ ಉತ್ತರ ಒಂದೇ ಇತ್ತು. ಅದನ್ನು ಕೊಟ್ಟ ಮೇಲೆ ಅವನ ಕೈಗೆ ಪಾನಾ ಯಾರೂ ಕೊಡಲಾರರು.

"ಏನಿಲ್ಲ. ಬ್ಯಾಟರಿ ಹಿಡಿ," ಎಂದ.

ಪ್ರತಿ ಗಾಲಿಯ ಅಂಚಿನಲ್ಲೂ ಎಳ್ಳುಕಾಳಿನಷ್ಟು ಒಂದು ಚುಕ್ಕೆ. ಅದರೆದುರು ಎಂಜಿನ್ನಿನ ಮೈಮೇಲೆ ಕೂದಲೆಳೆಯ ಒಂದು ಗೆರೆ. ಕೆಳಗಿನ ಗಾಲಿಯಲ್ಲಿ ಚುಕ್ಕೆಯ ಜೊತೆಗೆ ಒಂದು ಕಚ್ಚೂ ಇತ್ತು. ಬೆರಳು ಅದನ್ನು ಹುಡುಕಿಕೊಂಡಿತು. ಪಂಪಿನ ಗಾಲಿಗೆ ಕಡ್ಡಿ ತೂರಿಸುವ ತೂತು ಇತ್ತು, ಅದೂ ಕೂಡಿತು. ಉಳಿದದ್ದು ಮೇಲಿನದು. ಅಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಬ್ಯಾಟರಿಯ ಬೆಳಕಿನಲ್ಲಿ ನಬಿಸಾಬನಿಗೆ ಎರಡು ಚುಕ್ಕೆ ಕಂಡವು, ಅವುಗಳೆದುರು ಎರಡು ಗೆರೆ. ಕತ್ತು ವಾರೆ ಮಾಡಿದ. ಚುಕ್ಕೆಗಳು ದೂರವಾದವು. ಉಸಿರು ಹಿಡಿದ. ಹತ್ತಿರ ಬಂದವು, ಒಂದಾಗಲಿಲ್ಲ.

"ಸಿಕ್ಕಿತೇನ್ರಿ?"

"ಹೂಂ."

ಎಡಗಡೆಯದನ್ನು ಆರಿಸಿಕೊಂಡ. ಯಾಕೆಂದು ಕೇಳಿದ್ದರೆ ಅದು ಕೊಂಚ ಹೆಚ್ಚು ಕಪ್ಪಾಗಿತ್ತು ಎನ್ನುತ್ತಿದ್ದ. ಹೊಸ ಬೆಲ್ಟು ಕೂಡಿಸಿದ, ಬಿಗಿದ, ಕವಚ ಮಾತ್ರ ಹೊರಗಿಟ್ಟು ಉಳಿದೆಲ್ಲ ಜೋಡಿಸಿದ. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಕೈಗಳು ಎಂದಿನಂತೆ ಚೊಕ್ಕ ಕೆಲಸ ಮಾಡಿದ್ದವು; ಅವಕ್ಕೆ ಏನೂ ಗೊತ್ತಿರಲಿಲ್ಲ.

ಮದಿಹಾ ಡ್ರೈವರ್ ಸೀಟಿನಲ್ಲಿ ಕುಳಿತು ಕೀಲಿ ತೂರಿಸಿದಳು.

"ಚಾಲೂ ಮಾಡ್ಲೇನ್ರಿ ಅಬ್ಬಾ?"

"ಬ್ಯಾಡ."

ಅವಳು ಗಾಜಿನಾಚೆಯಿಂದ ನೋಡಿದಳು. ಕೈ ಇನ್ನೂ ಕೀಲಿಯ ಮೇಲಿತ್ತು.

"ಕೈ ತಗಿ. ಕೀಲಿ ತಗದು ನನಗ ಕೊಡು."

*

ಡಿಪೊದಲ್ಲಿ ಒಂದು ಪದ್ಧತಿಯಿತ್ತು. ಯಾವ ಪುಸ್ತಕದಲ್ಲೂ ಬರೆದದ್ದಲ್ಲ. ಹಳೆಯ ಮಿಸ್ತ್ರಿಗಳು ಹಾಕಿಕೊಟ್ಟದ್ದು. ಎಂಜಿನ್ನಿನ ಹೊಂದಾಣಿಕೆ ಮಾಡಿದವನನ್ನು ಕೂಡಿಸೋ ಕೈ ಎನ್ನುತ್ತಿದ್ದರು. ಆಮೇಲೆ ಇನ್ನೊಬ್ಬ ಬಂದು, ಉದ್ದನೆಯ ಪಾನಾ ಹಚ್ಚಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ಅಡ್ಡವಿಲ್ಲವೆಂದು ನೋಡಬೇಕು. ಅವನು ತಿರುವೋ ಕೈ. ಕೂಡಿಸಿದವನು ತಾನೇ ತಿರುವುವಂತಿಲ್ಲ: ತಾನು ಮಾಡಿದ್ದು ಸರಿಯೆಂಬ ನಂಬಿಕೆ ಅವನ ತೋಳಿನಲ್ಲಿ ಇರುತ್ತದೆ, ಅಡ್ಡ ಸಿಕ್ಕಿದರೂ ಜೋರು ಮಾಡಿ ದಾಟಿಸಿಬಿಡುತ್ತಾನೆ. ಕೂಡಿಸೋ ಕೈ ಒಳಗಿನ ಗಾಲಿಗೆ ಸುಣ್ಣದಿಂದ ತನ್ನ ಅಕ್ಷರ ಬರೆಯುತ್ತಿತ್ತು. ತಿರುವೋ ಕೈ, ಮೊದಲ ಓಟ ಸುಸೂತ್ರವಾದ ಮೇಲೆ, ಹೊರಗಿನ ಕವಚದ ಮೇಲೆ ಬಣ್ಣದಿಂದ ಬರೆಯುತ್ತಿತ್ತು.

ಇಪ್ಪತ್ತೆರಡು ವರ್ಷ ನಬಿಸಾಬ ಕೂಡಿಸಿದ್ದನ್ನು ತಿರುವಿದವನು ಕಮಲಾಪುರದ ಮಲ್ಲಣ್ಣ.

ಹನ್ನೊಂದು ವರ್ಷದ ಹಿಂದೆ, ಚುನಾವಣೆಯ ಕೆಲಸಕ್ಕೆ ಬಸ್ಸುಗಳನ್ನೆಲ್ಲ ಹೊರಡಿಸಬೇಕಾದ ಒಂದು ಸಂಜೆ, ಮಲ್ಲಣ್ಣ ಪಾನಾ ಎತ್ತಿದಾಗ ನಬಿಸಾಬ ಅಂದಿದ್ದ: "ಬಿಡೋ ಮಾರಾಯಾ, ಹೊತ್ತಾಗ್ಯಾದ. ನಾ ಕೂಡಿಸಿದ್ದು ಎಂದರ ತಪ್ಪ್ಯಾದೇನು? ಅಕ್ಷರ ಬರದು ಕಳಸು." ಮಲ್ಲಣ್ಣ ಒಂದು ಗಳಿಗೆ ಅವನ ಮುಖ ನೋಡಿ, ಮೊದಲ ಓಟಕ್ಕೂ ಕಾಯದೆ, ಕವಚದ ಮೇಲೆ 'ಮ' ಎಂದು ಬರೆದ. ಮತಗಟ್ಟೆಯ ಸಿಬ್ಬಂದಿ ತುಂಬಿದ್ದ ಆ ಬಸ್ಸು ಕಮಲಾಪುರದ ಏರಿನಲ್ಲಿ ಸದ್ದು ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಂಜಿನ್ ಮಾತ್ರ ಮುಗಿದಿತ್ತು. ವಿಚಾರಣೆಗೆ ಬಿಚ್ಚಿದಾಗ ಒಳಗಿನ ಸುಣ್ಣ ಎಣ್ಣೆಯಲ್ಲಿ ತೊಳೆದು ಹೋಗಿತ್ತು. ಉಳಿದದ್ದು ಹೊರಗಿನ 'ಮ' ಒಂದೇ. ಸಾಹೇಬರು ನಬಿಸಾಬನನ್ನೂ ಕೇಳಿದರು. ಅವನು, "ನಾ ಕೂಡಿಸಿದ್ದು ಸರಿ ಇತ್ತರಿ. ತಿರುವೋ ಕೈಗೆ ಕೇಳ್ರಿ," ಎಂದ. ಮಲ್ಲಣ್ಣ ಪಕ್ಕದಲ್ಲೇ ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಹೆಡ್ ಮಿಸ್ತ್ರಿಯಾಗಬೇಕಾದವನು ನಿವೃತ್ತಿಯ ತನಕ ಟಯರ್ ವಿಭಾಗದಲ್ಲಿ ಗಾಳಿ ತುಂಬಿದ. ಅಂದಿನಿಂದ ಗಾಜಿಪುರದ ಈ ಓಣಿಗೆ ಕಾಲಿಟ್ಟಿರಲಿಲ್ಲ.

"ನಾ ತಿರುವಲೇನ್ರಿ? ಎರಡು ಸುತ್ತು ತಾನೇ," ಎಂದಳು ತಂದೆಯ ಬಾಯಿಂದ ಪದ್ಧತಿಯ ವಿವರವನ್ನಷ್ಟೇ ಕೇಳಿದ್ದ ಮದಿಹಾ.

"ಒಳಗ ಗಾಳಿ ಒತ್ತಿಕೊಂಡಾಗ ಪಾನಾ ಬಿಗಿ ಆಗ್ತದ. ಕಬ್ಬಿಣಕ್ಕ ಕಬ್ಬಿಣ ತಾಗಿದಾಗೂ ಬಿಗಿ ಆಗ್ತದ. ಯಾವುದು ಯಾವುದು ಅಂತ ನಿನ್ನ ಕೈಗಿ ಗೊತ್ತಿಲ್ಲ. ಒಂದು ಸಲ ತಪ್ಪಿ ಜೋರು ಮಾಡಿದ್ರ ಮುಗೀತು."

"ನಿಮ್ಮ ಕೈಗಿ ಗೊತ್ತದಲ್ಲಾ."

ಅವನು ಪಾನಾ ಎತ್ತಿಕೊಂಡ. ಹಚ್ಚಿದ. ಕಾಲು ಸುತ್ತು ಹೋಯಿತು. ಅರ್ಧ. ಪಾನಾ ಭಾರವಾಯಿತು. ಗಾಳಿಯೇ ಇರಬೇಕೆಂದು ತೋಳು ಹೇಳಿತು. ಇನ್ನೊಂದಿಷ್ಟು ಒತ್ತಿದರೆ ದಾಟುತ್ತದೆ ಎಂದಿತು. ಆ ಹೇಳಿಕೆಯ ಸಿಹಿಯೇ ಅವನನ್ನು ಹೆದರಿಸಿತು. ಹೋದಷ್ಟನ್ನೂ ಹಿಂದಕ್ಕೆ ತಿರುಗಿಸಿ, ಪಾನಾ ಬಿಡಿಸಿ ಕೆಳಗಿಟ್ಟ. ಅದು ಫರಸಿಕಲ್ಲಿನ ಮೇಲೆ ಇಡಬೇಕಾದ್ದಕ್ಕಿಂತ ಜೋರಾಗಿ ಸದ್ದು ಮಾಡಿತು.

ಮಲ್ಲಣ್ಣನ ನಂಬರು ಅವನಿಗೆ ಬಾಯಿಪಾಠವಾಗಿತ್ತು. ಹನ್ನೊಂದು ವರ್ಷ ಅದನ್ನು ಮರೆಯಲು ಯತ್ನಿಸಿ ಸೋತಿದ್ದ.

"ಯಾರದು?" ಆಚೆಯಿಂದ ನೀರಿನ ಪಂಪಿನ ಸದ್ದು ಬರುತ್ತಿತ್ತು.

"ನಾ. ನಬಿ."

ಪಂಪು ನಿಂತಿತು. ಯಾರೋ ಬಂದು ನಿಲ್ಲಿಸಿದರೋ, ಅವನೇ ಹೋಗಿ ನಿಲ್ಲಿಸಿದನೋ. ಆಮೇಲೆ, "ಹೇಳು," ಎಂದಿತು ಆ ಧ್ವನಿ.

"ಮಗಳ ಕಾರಿಗೆ ಬೆಲ್ಟ್ ಕೂಡಿಸೀನಿ. ತಿರುವೋ ಕೈ ಬೇಕಾಗ್ಯಾದ."

"ಕಪನೂರಾಗ ಹೆಜ್ಜಿಗೊಬ್ಬ ಮಿಸ್ತ್ರಿ ಅದಾನಲ್ಲ."

"ಅವರು ಕೀಲಿ ತಿರುವಿ ನೋಡ್ತಾರ. ಪಾನಾ ತಿರುವಿ ನೋಡೋರು ಯಾರೂ ಇಲ್ಲ."

"ನೀನೂ ಒಮ್ಮೆ ಪಾನಾ ಬ್ಯಾಡ ಅಂದಿದ್ದಿ."

ಆಚೆಯವನು ಉತ್ತರಕ್ಕೆ ಕಾಯಲಿಲ್ಲ. ಫೋನು ಕಡಿದುಹೋಯಿತು.

"ಬರ್ತಾರಂತೇನ್ರಿ?" ಎಂದಳು ಮದಿಹಾ.

"ಅಂದಿಲ್ಲ."

*

ಮೂರು ಹೊಡೆಯಿತು, ಮೂರೂವರೆಯಾಯಿತು. ಕಾರಿನ ನೆರಳು ಫರಸಿಯ ಮೇಲೆ ಅಂಗುಲಂಗುಲ ಸರಿದು ಗೋಡೆಗೆ ಹತ್ತಿತು. ಕೀಲಿ ನಬಿಸಾಬನ ಜುಬ್ಬಾದ ಜೇಬಿನಲ್ಲಿ ಎದೆಗೆ ಒತ್ತಿಕೊಂಡಿತ್ತು. ಮದಿಹಾಳ ಫೋನಿಗೆ ಹಳ್ಳಿಯೊಂದರಿಂದ ಕರೆ ಬಂತು, "ಹೂಂ ಆಯಿ, ನಾಳೆ ಆರಕ್ಕ ಬರ್ತೀನ್ರಿ. ಏನೂ ತಿನ್ನದ ಕೂಡ್ರಿ," ಎಂದು ಹೇಳಿ, ಮಾತು ಮುಗಿದ ಮೇಲೆ ಫೋನನ್ನೇ ನೋಡುತ್ತ ಕುಳಿತಳು. ಆಮೇಲೆ, ತಂದೆಯ ಕಡೆ ತಿರುಗದೆ, "ಆ ಸುಣ್ಣ ಗುರುತಿಂದಿತ್ತಲ್ಲಾ?" ಎಂದಳು.

"ಹೂಂ."

"ಬೈಬೇಕಿತ್ತಲ್ರಿ ಅಬ್ಬಾ. ಯಾಕ ಬೈಲಿಲ್ಲ?"

ನಬಿಸಾಬ ಜೇಬಿನ ಮೇಲಿಂದಲೇ ಕೀಲಿಯನ್ನು ಮುಟ್ಟಿ ನೋಡಿಕೊಂಡ.

ನಾಲ್ಕೂಕಾಲಿಗೆ ಅಂಗಳದ ಬಾಗಿಲ ಚಿಲಕ ಅಲುಗಿತು. ಬಿಳಿ ಧೋತರ, ತಲೆಗೆ ಸುತ್ತಿದ ಟವೆಲು, ಹಣೆಯಲ್ಲಿ ವಿಭೂತಿ. ಬಲಗೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪು, ಎಡಗೈಯಲ್ಲಿ ಗೋಣಿಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಪಾನಾ. ಮಲ್ಲಣ್ಣ ಒಳಗೆ ಬಂದು, ನಬಿಸಾಬನನ್ನು ದಾಟಿ, ಬಾಳೆಯ ಚಿಪ್ಪನ್ನು ಜೈನಾಬಿಯ ಕೈಗೆ ಕೊಟ್ಟ.

"ಭಾಬಿ, ಇದು ನಿಮಗ. ಇವನಿಗಿ ಕೊಡಬ್ಯಾಡ್ರಿ."

"ಸಕ್ಕರಿ ಬ್ಯಾನಿ ಅದ ಇವರಿಗಿ. ನೀವು ಹೇಳದಿದ್ರೂ ಕೊಡ್ತಿರಲಿಲ್ಲ," ಎಂದಳು ಜೈನಾಬಿ. "ಹನ್ನೊಂದು ವರ್ಷಕ್ಕ ಬಂದೀರಿ, ಕೂತ್ಕೋರಿ ಮೊದಲ. ಚಹಾ ಇಡ್ತೀನಿ."

"ಕೆಲಸ ಆಗಲಿ." ಅವನು ಮದಿಹಾಳನ್ನು ನೋಡಿದ. "ನೀ ಆ ಲ್ಯಾಬಿನ ಹುಡುಗಿ ಅಲ್ಲ? ನಮ್ಮ ಓಣ್ಯಾಗಿನ ಶಾರದಾಬಾಯಿ ರಕ್ತ ತಗೋಲಾಕ ಬರ್ತಿದ್ದಿ. ನೋವಾಗಲಾರದಂಗ ಸೂಜಿ ಚುಚ್ಚತಾಳ ಅಂತ ಮುದುಕಿ ಊರೆಲ್ಲಾ ಹೇಳ್ಯಾಳ. ಇವನ ಮಗಳಂತ ಗೊತ್ತಿರಲಿಲ್ಲ ನನಗ."

"ಗೊತ್ತಿದ್ರ ಬೈಸ್ಕೋತಿದ್ನೇನ್ರಿ ಕಾಕಾ?"

"ನಿನಗ್ಯಾಕ ಬೈಲಿ, ತಂಗಿ."

ಮಲ್ಲಣ್ಣ ಕಾರಿನ ಬಳಿ ಕುಳಿತು, ಪಾನಾ ಬಿಚ್ಚಿ ಬೋಲ್ಟಿಗೆ ಹಚ್ಚಿದ. ತಿರುವಲಿಲ್ಲ. ಹಾಗೆಯೇ ಹಿಡಿದುಕೊಂಡು, ಎಂಜಿನ್ನನ್ನೇ ನೋಡುತ್ತ, ಹವಾಮಾನ ವಿಚಾರಿಸುವ ಧ್ವನಿಯಲ್ಲಿ ಕೇಳಿದ:

"ತಿರುವಲೇನು, ಸುಮ್ಮ ಅಕ್ಷರ ಬರೀಲೇನು?"

ಮದಿಹಾಳ ನೋಟ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಯಿತು. ನಬಿಸಾಬ ಅವಳು ಒಳಗೆ ಹೋಗಲೆಂದು ಬಯಸಿದ. ಅವಳು ಹೋಗಲಿಲ್ಲ. ಜೈನಾಬಿ ಕೂಡ ಬಾಳೆಯ ಚಿಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ತಿರುವು," ಎಂದ ನಬಿಸಾಬ. "ಅವತ್ತೂ ತಿರುವು ಅನ್ನಬೇಕಿತ್ತು. ಬ್ಯಾಡ ಅಂದವ ನಾ. ಸಾಹೇಬರ ಮುಂದ ಅದನ್ನ ಹೇಳಲಿಲ್ಲ."

ಮಲ್ಲಣ್ಣ ತಲೆ ಎತ್ತಲಿಲ್ಲ. "ಭಾಳ ದೂರದಿಂದ ಬಂತು ನೋಡು ಆ ಮಾತು," ಎಂದಷ್ಟೇ ಅಂದು ತಿರುವತೊಡಗಿದ.

ಅವನ ಕೈ ಅವಸರ ಅರಿಯದ್ದು. ಕಾಲು ಸುತ್ತು. ಅರ್ಧ. ನಬಿಸಾಬನಿಗೆ ಭಾರವಾಗಿದ್ದ ಜಾಗ ಬಂತು, ಮಲ್ಲಣ್ಣ ತಡೆದು ಕಾದ, ಒಳಗೆ ಎಲ್ಲಿಯೋ ಗಾಳಿ ಉಸ್ಸೆಂದು ಜಾರಿತು, ಪಾನಾ ದಾಟಿತು. ಗಾಳಿಯೇ. ಮುಕ್ಕಾಲು. ಒಂದು ಸುತ್ತು. ಎರಡನೆಯ ಸುತ್ತಿನ ಕಾಲುಭಾಗ ದಾಟುವಾಗ ಪಾನಾ ನಿಂತಿತು.

ಯಾವ ಸದ್ದೂ ಆಗಲಿಲ್ಲ. ಸುಮ್ಮನೆ ನಿಂತಿತು.

ಮಲ್ಲಣ್ಣ ಕಣ್ಣು ಮುಚ್ಚಿ ಒಂದು ಬೆರಳಿನ ಭಾರವಷ್ಟೇ ಹಾಕಿದ. ತೆಗೆದ. ಮತ್ತೆ ಹಾಕಿದ. "ಗಾಳಿ ಇದ್ರ ಮೆತ್ತಗ ಹಿಂದಕ್ಕ ತಳ್ಳತದ. ಇದು ತಳ್ಳವಲ್ದು," ಎಂದ. "ಕಬ್ಬಿಣ ಅದ. ತಾಗ್ಯಾದ."

ಮದಿಹಾ ಬಾಯಿಗೆ ಕೈ ಒತ್ತಿಕೊಂಡಳು. "ಕೆಟ್ಟಿತೇನ್ರಿ ಕಾಕಾ?"

"ಕೈಲೆ ತಾಗಿದ್ರ ಕೆಡೂದಿಲ್ಲ. ಕೀಲಿ ತಿರುವಿದ್ದಿ ಅಂದ್ರ ಕೆಡ್ತಿತ್ತು." ಪಾನಾವನ್ನು ಮೆಲ್ಲಗೆ ಮೊದಲಿನ ಜಾಗದ ತನಕ ಹಿಂದಕ್ಕೆ ತಂದು ಎದ್ದು, ಮೇಲಿನ ಗಾಲಿಯನ್ನು ಬಗ್ಗಿ ನೋಡಿದ. "ಎರಡು ಹಲ್ಲು ಮುಂದ ಅದ ಇದು. ನಬೀ, ಚುಕ್ಕಿ ಇಷ್ಟು ಚೊಕ್ಕ ಕಾಣಸ್ತದ. ನೀ ಹ್ಯಾಂಗ ಕೂಡಿಸಿದಿ?"

ಅದು ಅಣಕವಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವನ ಕೆಲಸ ನೋಡಿದವನ ನಿಜವಾದ ಅಚ್ಚರಿಯಾಗಿತ್ತು. ಅದಕ್ಕೇ ಸುಳ್ಳು ಹೇಳಲಾಗಲಿಲ್ಲ.

"ನನಗ ಎರಡು ಕಾಣಸ್ತಾವ," ಎಂದ ನಬಿಸಾಬ. "ಎಲ್ಲಾನೂ. ಒಂದು ವರ್ಷ ಆತು."

ಮೊದಲು ಮಾತಾಡಿದವಳು ಮದಿಹಾ. "ದಿನಾ ಲ್ಯಾಬಿನಾಗ ಮುದುಕರಿಗೆಲ್ಲಾ ಜಬರಸ್ತೀನಿ, ಬ್ಯಾನಿ ಮುಚ್ಚಿಡಬ್ಯಾಡ್ರಿ ಅಂತ." ಬಾಯಿಗೊತ್ತಿದ್ದ ಕೈ ತೆಗೆದು ತಂದೆಯ ಕಡೆ ತಿರುಗಿದಳು. "ಮನ್ಯಾಗೇ ಒಬ್ಬರು ಕೂತಾರ."

"ಹೇಳಿದ್ರ ಪಾನಾ ಕಸ್ಕೋತಿದ್ರಿ."

"ಪೊರಿ ತಗಸ್ತಿದ್ದೆ. ಪಾನಾ ಯಾರಿಗಿ ಬೇಕಾಗ್ಯಾದ?"

"ಜಗಳಾ ಆಮ್ಯಾಲ," ಎಂದ ಮಲ್ಲಣ್ಣ. "ಹೊತ್ತು ಮುಣಗೂದರಾಗ ಕೂಡಿಸಬೇಕು. ತಂಗಿ, ನೀ ಸೂಕ್ಷ್ಮದರ್ಶಕದಾಗ ನೋಡಾಕಿ. ಬಾ ಇಲ್ಲಿ, ಚುಕ್ಕಿ ನೀ ಓದು."

ಬೆಲ್ಟು ಮತ್ತೆ ಸಡಿಲಾಯಿತು. ಉಳಿದ ಎರಡು ಗಾಲಿಗಳನ್ನು ತಂತಮ್ಮ ಜಾಗಕ್ಕೆ ತಂದರು. ಮದಿಹಾ ಎಂಜಿನ್ನಿನ ಸಂದಿಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು. ನಬಿಸಾಬನ ಕೈ ಮೇಲಿನ ಗಾಲಿಯ ಮೇಲಿತ್ತು. ಸ್ಪ್ರಿಂಗುಗಳ ಒತ್ತಡಕ್ಕೆ ಅದು ಯಾವ ಗಳಿಗೆಗೂ ಹಾರಬಹುದಿತ್ತು; ತೋಳಿನ ನರಗಳು ಎದ್ದು ನಿಂತವು.

"ಬಲಕ್ಕ," ಎಂದಳು. "ಇನ್ನಾ. ಇನ್ನಾ ಚೂರು. ನಿಂದರ್ಸ್ರಿ. ಸಾಸಿವಿಯಷ್ಟು ಹಿಂದ. ಹೂಂ, ಅಲ್ಲೇ."

"ಒಂದೇ ಅದನಲ್ಲ?"

"ಒಂದೇ ಅದರಿ ಅಬ್ಬಾ."

ಬೆಲ್ಟು ಕೂಡಿತು. ಕೈ ಅವನದು, ಕಣ್ಣು ಅವಳದು. ಮಲ್ಲಣ್ಣ ಮತ್ತೆ ಪಾನಾ ಹಿಡಿದ. ಒಂದು ಸುತ್ತು. ಗಾಳಿ ಉಸ್ಸೆಂದಿತು. ಎರಡನೆಯ ಸುತ್ತಿನ ಕಾಲುಭಾಗ, ಮೊದಲು ನಿಂತಿದ್ದ ಜಾಗ ಹತ್ತಿರವಾಯಿತು. ಪಾನಾ ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಸರಿದು ಹೋಯಿತು. ಸುತ್ತು ಪೂರ್ತಿಯಾಗಿ, ಮೂರು ಚುಕ್ಕೆಗಳೂ ಮೂರು ಗೆರೆಗಳೆದುರು ಬಂದು ನಿಂತವು. ಮದಿಹಾ ಅವನ್ನು ಒಂದೊಂದಾಗಿ ಓದಿ ಹೇಳಿದಳು.

ನಬಿಸಾಬ ಜೇಬಿನಿಂದ ಕೀಲಿ ತೆಗೆದು ಅವಳಿಗೆ ಕೊಟ್ಟ. ಬಹಳ ಹೊತ್ತು ಎದೆಯ ಮೇಲಿದ್ದ ಅದು ಬೆಚ್ಚಗಿತ್ತು.

ಎಂಜಿನ್ ಮೊದಲ ಸಲ ಕೆಮ್ಮಿತು. ಎರಡನೆಯ ಸಲ ಹಿಡಿಯಿತು. ಮದಿಹಾ ಇಳಿದು ಬಂದ ಮೇಲೆ ಮೂವರೂ ಬಾನೆಟ್ಟಿನ ಮೇಲೆ ಬಗ್ಗಿ, ತಾಳ ತಪ್ಪುವ ಸದ್ದೊಂದಕ್ಕಾಗಿ ಕಿವಿಗೊಟ್ಟು ನಿಂತರು. ಅದು ಬರಲಿಲ್ಲ.

*

ಚಹಾ ಕುಡಿದು, ಕವಚ ಹಾಕಿ ಹೊರಟಾಗ ಐದೂವರೆ ದಾಟಿತ್ತು. ಮಲ್ಲಣ್ಣನನ್ನು ಊರಿಗೆ ಮುಟ್ಟಿಸುವುದೇ ಮೊದಲ ಓಟವೆಂದು ಯಾರೂ ಹೇಳದೆ ತೀರ್ಮಾನವಾಗಿತ್ತು. ಮದಿಹಾಳ ಪಕ್ಕದಲ್ಲಿ ನಬಿಸಾಬ, ಹಿಂದೆ ಪಾನಾವನ್ನು ತೊಡೆಯ ಮೇಲಿಟ್ಟುಕೊಂಡ ಮಲ್ಲಣ್ಣ. ಇಬ್ಬರು ಮುದುಕರೂ ದಾರಿಯನ್ನು ನೋಡಲಿಲ್ಲ, ಎಂಜಿನ್ನನ್ನು ಕೇಳುತ್ತಿದ್ದರು. ಎರಡೂ ಬದಿಗೆ ತೊಗರಿಯ ಬೆಳೆ ಕೊಯ್ದ ಕಪ್ಪು ನೆಲ ಸಂಜೆಯ ಬೆಳಕನ್ನು ಸದ್ದಿಲ್ಲದೆ ಹೀರುತ್ತಿತ್ತು.

ಕಮಲಾಪುರದ ಏರು ಬಂತು. ಮದಿಹಾ ಗೇರು ಇಳಿಸಿದಳು. ಎಂಜಿನ್ನಿನ ಧ್ವನಿ ದಪ್ಪವಾಯಿತು. ನಬಿಸಾಬನ ಕೈ ಬಾಗಿಲ ಹಿಡಿಕೆಯನ್ನು ಬಿಗಿ ಹಿಡಿಯಿತು. ಹಿಂದಿನಿಂದ ಮಾತು ಬಂತು.

"ಆ ಮೈಲುಗಲ್ಲು ಅದಲ್ಲ, ಅದರ ಬಾಜೂ ನಿಂತಿತ್ತು ಬಸ್ಸು. ನೀ ನೋಡಾಕ ಬರಲಿಲ್ಲ."

"ಬರಲಿಲ್ಲ."

"ನಾ ಬಂದಿದ್ದೆ. ಅವತ್ತು ರಾತ್ರಿ ಪೂರಾ ಅದರ ಬಾಜೂ ಕೂತಿದ್ದೆ."

ಕಾರು ಮೈಲುಗಲ್ಲನ್ನು ದಾಟಿ, ಏರನ್ನು ಹತ್ತಿ ಮುಗಿಸಿತು.

ಲ್ಯಾಬಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದರು. ಮತ್ತೆ ಹಚ್ಚಿ, ಮತ್ತೆ ಆರಿಸಿದರು. ಮಲ್ಲಣ್ಣ ಬಾನೆಟ್ ಎತ್ತಿ, ಕವಚದ ಸುತ್ತ ಬೆರಳಾಡಿಸಿ, ಎಣ್ಣೆ ಜಿನುಗಿಲ್ಲವೆಂದು ನೋಡಿಕೊಂಡ. ಮದಿಹಾ ಲ್ಯಾಬಿನ ಬೀಗ ತೆಗೆದು, ರಕ್ತದ ಸೀಸೆಗಳಿಗೆ ಹೆಸರು ಬರೆಯುವ ಅಳಿಸಲಾಗದ ಶಾಯಿಯ ಪೆನ್ನು ತಂದುಕೊಟ್ಟಳು. ಮಲ್ಲಣ್ಣ ಕವಚದ ಮೇಲೆ ಬಿಡಿಸಿ ಬಿಡಿಸಿ 'ಮ' ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಲು ಹೋದ.

"ಇಲ್ಲಿ ಕೊಡು," ಎಂದ ನಬಿಸಾಬ.

"ಕೂಡಿಸೋ ಕೈ ಒಳಗ ಬರೀತದ. ಹೊರಗ ಬರಿಯೋ ಪದ್ಧತಿ ಇಲ್ಲ."

"ಒಳಗಿಂದು ತೊಳದು ಹೋಗ್ತದ. ಕೊಡು."

ಮಲ್ಲಣ್ಣ ಪೆನ್ನು ಕೊಟ್ಟ. ನಬಿಸಾಬ ಬಗ್ಗಿದ. ಕವಚದ ಮೇಲೆ ಅವನಿಗೆ ಎರಡು 'ಮ' ಕಂಡವು. ಯಾವುದರ ಪಕ್ಕಕ್ಕೆ ಬರೆಯಬೇಕೆಂದು ತಿಳಿಯದೆ ಪೆನ್ನು ಗಾಳಿಯಲ್ಲಿ ತಡೆಯಿತು. ಮಲ್ಲಣ್ಣ ಅವನ ಮಣಿಕಟ್ಟು ಹಿಡಿದು, ಬೆರಳಗಲ ಎಡಕ್ಕೆ ತಂದು, ಬಿಟ್ಟ.

"ಇಲ್ಲಿ," ಎಂದ. "ಬರಿ."